ಮನೆ, ಕೊಟ್ಟಿಗೆ ದುರಸ್ತಿಗೆ ಬ್ಯಾಟರಿ ಉಪಕರಣಗಳ ಆಯ್ಕೆ

(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಮಾಗಿ ಉಳುಮೆ ಮುಗಿದು ಮುಂಗಾರು ಕಾಲಿಡುವವರೆಗಿನ ಬಿಡುವಿನಲ್ಲಿ ಹಳ್ಳಿಯ ಪ್ರತಿ ಮನೆಯಲ್ಲೂ ಏನಾದರೊಂದು ದುರಸ್ತಿ ಕೆಲಸ ಇದ್ದೇ ಇರುತ್ತದೆ. ಕೊಟ್ಟಿಗೆಯ ತಗಡು ಗಾಳಿಗೆ ಎದ್ದಿರುತ್ತದೆ. ಬಾಗಿಲಿನ ಕೀಲು ಸಡಿಲವಾಗಿರುತ್ತದೆ. ಗೋದಲಿಯ ಹಲಗೆ ಕಳಚಿರುತ್ತದೆ. ಹನಿ ನೀರಾವರಿಯ ಪೈಪಿಗೆ ಹೊಸ ತೂತು ಕೊರೆಯಬೇಕಾಗಿರುತ್ತದೆ. ಹಿಂದೆ ಊರ ಬಡಗಿಯು ಬೈರಿಗೆ, ಗರಗಸ ಹಿಡಿದು ಬಂದು ಇವನ್ನೆಲ್ಲ ಮಾಡಿಕೊಟ್ಟು ಹೋಗುತ್ತಿದ್ದನು. ಇಂದು ಸಣ್ಣ ಕೆಲಸಕ್ಕೆ ಕಸುಬುದಾರರು ಸಿಗುವುದು ಕಷ್ಟ. ಆದ್ದರಿಂದಲೇ ತಂತಿಯಿಲ್ಲದೆ ಬ್ಯಾಟರಿಯಿಂದ ನಡೆಯುವ ಡ್ರಿಲ್ಲು, ಗ್ರೈಂಡರು ಮುಂತಾದವು ರೈತರ ಮನೆಗೂ ಬರುತ್ತಿವೆ.

ಇವುಗಳ ಅನುಕೂಲ ದೊಡ್ಡದು. ಕರೆಂಟು ಇಲ್ಲದ ವೇಳೆಯಲ್ಲೂ, ಕಂಬ ಇಲ್ಲದ ಹೊಲದಲ್ಲೂ ಕೆಲಸ ನಡೆಯುತ್ತದೆ. ಪಂಪ್‌ಸೆಟ್ಟಿನ ಸ್ಟಾರ್ಟರಿನಿಂದ ತಂತಿ ಎಳೆದು, ಹಸಿ ನೆಲದ ಮೇಲೆ ಹಾಸಿ ಡ್ರಿಲ್ಲು ನಡೆಸುವ ಪ್ರಾಣಾಪಾಯ ತಪ್ಪುತ್ತದೆ. ಆದರೆ ಆಯ್ಕೆ ತಪ್ಪಿದರೆ ಈ ಅನುಕೂಲವೇ ನಷ್ಟವಾಗುತ್ತದೆ. ರೈತನೊಬ್ಬನು ನೂರಾರು ಬಿಡಿಭಾಗಗಳಿರುವ ಅಂದವಾದ ಪೆಟ್ಟಿಗೆಯೊಂದನ್ನು ಕಡಿಮೆ ಬೆಲೆಗೆ ಕೊಂಡು ತಂದು, ಮೃಗಶಿರ ಮಳೆಗೆ ಮುಂಚೆ ಕೊಟ್ಟಿಗೆಗೆ ತಗಡು ಹೊದಿಸಲು ಏಣಿ ಹತ್ತಿದನೆನ್ನಿ. ನಾಲ್ಕು ತಗಡು ಬಿಗಿಯುವಷ್ಟರಲ್ಲಿ ಬ್ಯಾಟರಿ ಸತ್ತುಹೋದರೆ, ಮತ್ತೆ ಚಾರ್ಜು ಆಗಲು ಐದು ಗಂಟೆ ಬೇಕಾದರೆ, ಆ ಹೊತ್ತಿಗೆ ಕರೆಂಟೂ ಹೋದರೆ, ದನಗಳು ಮಳೆಯಲ್ಲಿ ನಿಲ್ಲಬೇಕಾಗುತ್ತದೆ. ಇಲ್ಲಿ ತಪ್ಪಿದ್ದು ಒಂದೇ: ಆತ ಉಪಕರಣಗಳನ್ನು ಎಣಿಸಿದ, ಬ್ಯಾಟರಿಯನ್ನು ನೋಡಲಿಲ್ಲ.

ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಕೊಂಬಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಬ್ಯಾಟರಿ ಉಪಕರಣಕ್ಕೂ ಅಂಥದೇ ಪರೀಕ್ಷೆಗಳಿವೆ.

ಮೊದಲು ಕೆಲಸದ ಪಟ್ಟಿ

ಅಂಗಡಿಗೆ ಹೋಗುವ ಮೊದಲು ಮುಂದಿನ ಒಂದು ವರ್ಷದಲ್ಲಿ ಮನೆ ಮತ್ತು ತೋಟದಲ್ಲಿ ಆಗಬೇಕಾದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಬೇಕು. ಮರದ ಕೆಲಸ ಎಷ್ಟು, ತಗಡು ಮತ್ತು ಕಬ್ಬಿಣದ ಕೆಲಸ ಎಷ್ಟು, ಗೋಡೆಗೆ ತೂತು ಕೊರೆಯುವುದು ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಗುರುತಿಸಬೇಕು. ವರ್ಷಕ್ಕೆ ಎರಡೋ ಮೂರೋ ಸಲ, ಅದೂ ಕರೆಂಟು ಇರುವ ಮನೆಯೊಳಗೇ ಕೆಲಸವಿದ್ದರೆ ತಂತಿಯುಳ್ಳ ಸಾಮಾನ್ಯ ಡ್ರಿಲ್ಲೇ ಲಾಭಕರ. ಅದು ವರ್ಷಗಟ್ಟಲೆ ಮೂಲೆಯಲ್ಲಿದ್ದರೂ ಕೆಡುವುದು ಕಡಿಮೆ. ಬ್ಯಾಟರಿಯಾದರೋ ಬಳಸದೆ ಇಟ್ಟರೂ ಮುಪ್ಪಾಗುತ್ತದೆ. ತೋಟದಲ್ಲಿ, ಚಾವಣಿಯ ಮೇಲೆ, ಕರೆಂಟಿಲ್ಲದ ಕಡೆ ಪದೇ ಪದೇ ಕೆಲಸವಿರುವವರಿಗೆ ಮಾತ್ರ ಬ್ಯಾಟರಿ ಉಪಕರಣ ಹಾಕಿದ ಹಣ ತೀರಿಸುತ್ತದೆ.

ಬ್ಯಾಟರಿಯ ಲೆಕ್ಕ

ತಂತಿಯಿಲ್ಲದ ಡ್ರಿಲ್ಲು ಮೊದಲು ಮಾರುಕಟ್ಟೆಗೆ ಬಂದದ್ದು 1961ರಲ್ಲಿ. ಅದರಲ್ಲಿ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಇತ್ತು. 1991ರಲ್ಲಿ ಲೀಥಿಯಂ ಅಯಾನ್ ಬ್ಯಾಟರಿ ಮಾರಾಟಕ್ಕೆ ಬಂದಿತು. 2005ರ ಸುಮಾರಿಗೆ ಅದು ಇಂಥ ಉಪಕರಣಗಳಿಗೂ ಬಂದು ನೆಲೆಸಿತು. ಈಗ ಕೊಳ್ಳುವುದಾದರೆ ಲೀಥಿಯಂ ಬ್ಯಾಟರಿಯನ್ನೇ ಕೊಳ್ಳಬೇಕು. ಅದು ಹಗುರ, ಸುಮ್ಮನೆ ಇಟ್ಟಾಗ ಚಾರ್ಜು ಇಳಿಯುವುದೂ ಕಡಿಮೆ.

ಲೀಥಿಯಂ ಬ್ಯಾಟರಿಯ ಒಂದು ಸೆಲ್ಲಿನ ಸಾಧಾರಣ ವೋಲ್ಟೇಜು 3.6. ಐದು ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 18 ವೋಲ್ಟ್ ಆಗುತ್ತದೆ. ಆಗತಾನೆ ಪೂರ್ತಿ ಚಾರ್ಜು ಆದಾಗ ಅದೇ ಐದು ಸೆಲ್ಲು 20ರಿಂದ 21 ವೋಲ್ಟ್ ತೋರಿಸುತ್ತವೆ. ಆದ್ದರಿಂದ ಪೆಟ್ಟಿಗೆಯ ಮೇಲೆ 18 ವೋಲ್ಟ್ ಎಂದಿದ್ದರೂ 20 ವೋಲ್ಟ್ ಮ್ಯಾಕ್ಸ್ ಎಂದಿದ್ದರೂ ಒಳಗಿನ ಸಾಮಾನು ಒಂದೇ. ಡಿವಾಲ್ಟ್ ಕಂಪನಿಯು ಇದೇ ಬಗೆಯ ಬ್ಯಾಟರಿಯನ್ನು ಅಮೆರಿಕದಲ್ಲಿ 20 ವೋಲ್ಟ್ ಮ್ಯಾಕ್ಸ್ ಎಂದೂ ಯುರೋಪಿನಲ್ಲಿ 18 ವೋಲ್ಟ್ ಎಂದೂ ಮಾರುತ್ತದೆ. ಹೀಗೆಯೇ 12 ವೋಲ್ಟ್ ಮ್ಯಾಕ್ಸ್ ಎಂದರೆ ಮೂರು ಸೆಲ್ಲು, 10.8 ವೋಲ್ಟ್.

ಅಗ್ಗದ ಕೆಲವು ಸೆಟ್ಟುಗಳ ಮೇಲೆ 48, 88 ಎಂಬ ದೊಡ್ಡ ಅಂಕಿಗಳನ್ನು ಅಚ್ಚು ಹಾಕಿರುತ್ತಾರೆ. ಇದಕ್ಕೆ ಮೋಸಹೋಗಬಾರದು. ಚಾರ್ಜರನ್ನು ತಿರುಗಿಸಿ, ಅದು ಹೊರಕೊಡುವ ವೋಲ್ಟೇಜು ಎಷ್ಟೆಂದು ಓದಬೇಕು. ಅಲ್ಲಿ 21 ವೋಲ್ಟ್ ಎಂದಿದ್ದರೆ ಒಳಗಿರುವುದು ಐದೇ ಸೆಲ್ಲು. 12.6 ಎಂದಿದ್ದರೆ ಮೂರೇ ಸೆಲ್ಲು. ಎತ್ತಿನ ಹಲ್ಲು ನೋಡಿದಂತೆ ಇದು.

ಎರಡನೆಯ ಅಂಕಿ ಆಂಪಿಯರ್ ಅವರ್. ವೋಲ್ಟನ್ನು ಇದರಿಂದ ಗುಣಿಸಿದರೆ ಬ್ಯಾಟರಿಯಲ್ಲಿರುವ ಒಟ್ಟು ಶಕ್ತಿ ವ್ಯಾಟ್ ಅವರ್ ಲೆಕ್ಕದಲ್ಲಿ ಸಿಗುತ್ತದೆ. 18 ವೋಲ್ಟ್, 2 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 36 ವ್ಯಾಟ್ ಅವರ್ ಇರುತ್ತದೆ. 4 ಆಂಪಿಯರ್ ಅವರ್ ಆದರೆ 72. ಮೂರು ಸೆಲ್ಲಿನ 2 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಸುಮಾರು 22 ಮಾತ್ರ.

ಈ ಲೆಕ್ಕವನ್ನು ಕೆಲಸಕ್ಕೆ ಹಚ್ಚಿ ನೋಡಬಹುದು. ಕೊಟ್ಟಿಗೆಗೆ 30 ತಗಡು, ತಗಡಿಗೆ 8ರಂತೆ 240 ಸ್ಕ್ರೂ ಎಂದಿಟ್ಟುಕೊಂಡರೆ, ಒಂದಕ್ಕೆ 5 ಸೆಕೆಂಡಿನಂತೆ ಮೋಟಾರು ಒಟ್ಟು 20 ನಿಮಿಷ ತಿರುಗಬೇಕು. ಡ್ರಿಲ್ಲು 150 ವ್ಯಾಟ್ ಎಳೆಯುತ್ತದೆಂದು ಹಿಡಿದರೆ 50 ವ್ಯಾಟ್ ಅವರ್ ಬೇಕಾಗುತ್ತದೆ. ಒಂದು 36ರ ಬ್ಯಾಟರಿ ಸಾಲದು. ಎರಡಿದ್ದರೆ ಕೆಲಸ ಒಂದೇ ದಿನದಲ್ಲಿ ಮುಗಿಯುತ್ತದೆ. ಅದೇ ಬ್ಯಾಟರಿಯನ್ನು 500 ವ್ಯಾಟ್ ಎಳೆಯುವ ಗ್ರೈಂಡರಿಗೆ ಹಾಕಿದರೆ ನಾಲ್ಕೇ ನಿಮಿಷಕ್ಕೆ ಬರಿದಾಗುತ್ತದೆ. ಗ್ರೈಂಡರು, ಗರಗಸಗಳಿಗೆ 4 ಆಂಪಿಯರ್ ಅವರಿಗಿಂತ ಕಡಿಮೆಯ ಬ್ಯಾಟರಿ ಪ್ರಯೋಜನವಿಲ್ಲ ಎನ್ನುವುದು ಇದರಿಂದ ತಿಳಿಯುತ್ತದೆ.

ಚಾರ್ಜರಿನ ಆಂಪಿಯರನ್ನೂ ನೋಡಬೇಕು. 2 ಆಂಪಿಯರ್ ಅವರಿನ ಬ್ಯಾಟರಿಗೆ 2 ಆಂಪಿಯರಿನ ಚಾರ್ಜರು ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ. 0.4 ಆಂಪಿಯರಿನದಾದರೆ ಐದು ಗಂಟೆಗೂ ಮಿಕ್ಕಿ ಬೇಕು. ಕರೆಂಟು ಬಂದು ಹೋಗುವ ಊರುಗಳಲ್ಲಿ ಇದು ಮುಖ್ಯವಾದ ಅಂಶ.

ಒಂದೇ ಜಾತಿಯ ಬ್ಯಾಟರಿ

ಒಂದು ಕಂಪನಿಯ ಬ್ಯಾಟರಿ ಮತ್ತೊಂದು ಕಂಪನಿಯ ಉಪಕರಣಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಒಂದೇ ಕಂಪನಿಯಲ್ಲೂ ಎರಡು ಬಗೆ ಇರುವುದುಂಟು. ಬಾಷ್ ಕಂಪನಿಯ ನೀಲಿ ಬಣ್ಣದ ಕಸುಬುದಾರರ ಉಪಕರಣದ 18 ವೋಲ್ಟ್ ಬ್ಯಾಟರಿಯು ಹಸಿರು ಬಣ್ಣದ ಮನೆಬಳಕೆಯ ಉಪಕರಣಕ್ಕೆ ಹೊಂದುವುದಿಲ್ಲ. ಆದ್ದರಿಂದ ಮೊದಲ ಡ್ರಿಲ್ಲು ಕೊಂಡ ದಿನವೇ ಮುಂದಿನ ಉಪಕರಣಗಳ ಜಾತಿಯೂ ನಿಶ್ಚಯವಾದಂತೆ. ಅದೇ ಬ್ಯಾಟರಿಗೆ ಗ್ರೈಂಡರು, ಗರಗಸ, ಔಷಧಿ ಸಿಂಪರಣೆಯ ಪಂಪು, ಗಿಡ ಸವರುವ ಕತ್ತರಿ ಸಿಗುತ್ತವೆಯೇ ಎಂದು ಮೊದಲೇ ವಿಚಾರಿಸಬೇಕು. ಸಿಗುವುದಾದರೆ ಮುಂದೆ ಬ್ಯಾಟರಿ, ಚಾರ್ಜರು ಇಲ್ಲದ ಬರಿಯ ಉಪಕರಣವನ್ನಷ್ಟೇ ಕೊಂಡು ಹಣ ಉಳಿಸಬಹುದು. ಅಣ್ಣತಮ್ಮಂದಿರು, ನೆರೆಹೊರೆಯವರು ಮಾತನಾಡಿಕೊಂಡು ಒಂದೇ ಜಾತಿಯವನ್ನು ಕೊಂಡರೆ, ಎತ್ತಿನ ಮುಯ್ಯಿಯಂತೆ ಬ್ಯಾಟರಿಯನ್ನೂ ಕೊಟ್ಟು ತೆಗೆದುಕೊಳ್ಳಬಹುದು.

ಸೆಟ್ಟಿನಲ್ಲಿ ಏನೇನು ಇರಬೇಕು?

ಸಾಮಾನ್ಯ ರೈತ ಕುಟುಂಬಕ್ಕೆ 18 ವೋಲ್ಟಿನ ಒಂದು ಡ್ರಿಲ್ಲು, ಎರಡು ಬ್ಯಾಟರಿ, ಒಂದು ಒಳ್ಳೆಯ ಚಾರ್ಜರು ಇಷ್ಟಿದ್ದರೆ ಆರಂಭಕ್ಕೆ ಸಾಕು. 13 ಮಿಲಿಮೀಟರ್ ಬಿಟ್ಟು ಹಿಡಿಯುವ ಚಕ್, ಎರಡು ವೇಗ, ಬಿಗಿತ ನಿಯಂತ್ರಿಸುವ ಬಳೆ ಇರುವ ಡ್ರಿಲ್ಲು ಉತ್ತಮ. ತಗಡಿನ ಸ್ಕ್ರೂ ಬಿಗಿಯುವಾಗ ಕೆಳಗಿನ ರಬ್ಬರ್ ವಾಷರು ಜಜ್ಜಿಹೋಗದಂತೆ ಈ ಬಳೆ ಕಾಪಾಡುತ್ತದೆ. ವಾಷರು ಜಜ್ಜಿದರೆ ಅಲ್ಲಿಯೇ ನೀರು ಸೋರುತ್ತದೆ.

ಹೆಸರುಗಳಲ್ಲಿ ಗೊಂದಲ ಮಾಡಿಕೊಳ್ಳಬಾರದು. ಇಂಪ್ಯಾಕ್ಟ್ ಡ್ರಿಲ್ ಎಂದರೆ ಗೋಡೆಗೆ ಕುಟ್ಟುತ್ತಾ ಕೊರೆಯುವ ಡ್ರಿಲ್ಲು. ಇಂಪ್ಯಾಕ್ಟ್ ಡ್ರೈವರ್ ಎಂದರೆ ಉದ್ದನೆಯ ಸ್ಕ್ರೂ, ಬೋಲ್ಟುಗಳನ್ನು ಬಿಗಿಯುವ ಬೇರೆ ಉಪಕರಣ. ಅದು ಗೋಡೆ ಕೊರೆಯುವುದಿಲ್ಲ.

ಗೋಡೆಯ ಬಗೆಯನ್ನೂ ಗಮನಿಸಬೇಕು. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಕಲ್ಲು ಮೃದು. ಸಾಧಾರಣ ಡ್ರಿಲ್ಲಿಗೆ ಜಗ್ಗುತ್ತದೆ. ಇಟ್ಟಿಗೆ ಗೋಡೆಗೆ ಕುಟ್ಟುವ ಡ್ರಿಲ್ಲು ಬೇಕು. ಬಯಲುಸೀಮೆಯ ಕಗ್ಗಲ್ಲಿನ ಗೋಡೆ, ಕಲ್ಲುಕಂಬ, ಕಾಂಕ್ರೀಟು ತೊಲೆಗಳಿಗೆ ಇವು ಸಾಲವು. ಅದಕ್ಕೆ ರೋಟರಿ ಹ್ಯಾಮರ್ ಎಂಬ ಬೇರೆ ಯಂತ್ರವೇ ಬೇಕು. ಅಪರೂಪದ ಕೆಲಸಕ್ಕೆ ಅದನ್ನು ಬಾಡಿಗೆಗೆ ತರುವುದು ಲೇಸು.

ಬಿಟ್ಟುಗಳ ಸಂಖ್ಯೆಗಿಂತ ಗುಣ ಮುಖ್ಯ. ಕಬ್ಬಿಣಕ್ಕೆ ಹೈಸ್ಪೀಡ್ ಸ್ಟೀಲಿನ ಬಿಟ್ಟು, ಗೋಡೆಗೆ ಕಾರ್ಬೈಡ್ ತುದಿಯ ಬಿಟ್ಟು, ಮರಕ್ಕೆ ಮರದ ಬಿಟ್ಟು ಎಂದು ಬೇರೆ ಬೇರೆಯಾಗಿ ಕೆಲವನ್ನೇ ಕೊಳ್ಳಬೇಕು. ಹನಿ ನೀರಾವರಿಯ ಪೈಪಿಗೆ ರಬ್ಬರ್ ಬಿರಡೆಯ ಕಂಪನಿ ಹೇಳಿದ ಅಳತೆಯ ಬಿಟ್ಟನ್ನೇ ಬಳಸಬೇಕು. ಹೊನ್ನೆ, ಮತ್ತಿ, ಜಾಲಿಯಂಥ ಗಟ್ಟಿ ಮರಕ್ಕೆ ಸ್ಕ್ರೂ ಹಾಕುವ ಮೊದಲು ಅದಕ್ಕಿಂತ ತುಸು ಸಣ್ಣ ತೂತು ಕೊರೆದುಕೊಂಡರೆ ಮರ ಸೀಳುವುದಿಲ್ಲ, ಬ್ಯಾಟರಿಯೂ ಉಳಿಯುತ್ತದೆ.

ಮೋಟಾರುಗಳಲ್ಲಿ ಎರಡು ಬಗೆ. ಕಾರ್ಬನ್ ಬ್ರಷ್ ಇರುವುದು ಅಗ್ಗ, ಆದರೆ ಬ್ರಷ್ ಸವೆಯುತ್ತದೆ. ಬ್ರಷ್ ಇಲ್ಲದ್ದು ದುಬಾರಿ. ಅದೇ ಬ್ಯಾಟರಿಯಲ್ಲಿ ಹೆಚ್ಚು ಕೆಲಸ ಕೊಡುತ್ತದೆ. ವಾರಕ್ಕೊಮ್ಮೆ ಬಳಸುವವರಿಗೆ ಎರಡನೆಯದು, ಅಪರೂಪಕ್ಕೆ ಬಳಸುವವರಿಗೆ ಮೊದಲನೆಯದು ಸೂಕ್ತ.

ಬ್ಯಾಟರಿ ಸಿಕ್ಕಿಸಿದ ಉಪಕರಣವನ್ನು ಅಂಗಡಿಯಲ್ಲೇ ಕೈಯಲ್ಲಿ ಹಿಡಿದು, ತಲೆಯ ಮೇಲಕ್ಕೆ ಎತ್ತಿ ನೋಡಬೇಕು. ಮನೆಯ ಹೆಣ್ಣುಮಕ್ಕಳೂ ಬಳಸುವುದಾದರೆ ಅವರ ಕೈಗೆ ಹಿಡಿ ಒಗ್ಗುತ್ತದೆಯೇ ಎಂದು ಅವರೇ ನೋಡಿ ಹೇಳಬೇಕು. ರಸೀದಿ ಮತ್ತು ಗ್ಯಾರಂಟಿ ಪತ್ರ ಪಡೆಯಬೇಕು. ಬ್ಯಾಟರಿಗೂ ಗ್ಯಾರಂಟಿ ಇದೆಯೇ, ದುರಸ್ತಿ ಕೇಂದ್ರ ಜಿಲ್ಲೆಯಲ್ಲಿ ಎಲ್ಲಿದೆ, ಎರಡು ವರ್ಷದ ನಂತರ ಬಿಡಿ ಬ್ಯಾಟರಿ ಸಿಗುತ್ತದೆಯೇ ಎಂದು ಕೇಳಲು ಸಂಕೋಚಪಡಬಾರದು. ಬಿಡಿ ಬ್ಯಾಟರಿ ಸಿಗದ ಸೆಟ್ಟು ಎಷ್ಟು ಅಗ್ಗವಾದರೂ ದುಬಾರಿಯೇ.

ಬ್ಯಾಟರಿಯ ಜೋಪಾನ

ಹಳೆಯ ನಿಕಲ್ ಬ್ಯಾಟರಿಯನ್ನು ಪೂರ್ತಿ ಖಾಲಿ ಮಾಡಿ ಚಾರ್ಜು ಮಾಡಬೇಕೆಂಬ ರೂಢಿ ಇತ್ತು. ಲೀಥಿಯಂಗೆ ಅದು ಸಲ್ಲದು. ಬಲ ಕುಗ್ಗಿದ ಕೂಡಲೇ ಚಾರ್ಜಿಗೆ ಹಾಕಬೇಕು. ಕೆಲಸ ಮಾಡಿ ಬಿಸಿಯಾಗಿದ್ದರೆ ತಣ್ಣಗಾದ ಮೇಲೆ ಹಾಕಬೇಕು. 45 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಚಾರ್ಜು ಮಾಡುವುದು ಅದಕ್ಕೆ ಮಾರಕ. ಕಲಬುರಗಿ, ರಾಯಚೂರು ಕಡೆಯ ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲೇ ಚಾರ್ಜು ಮಾಡುವುದು ಒಳ್ಳೆಯದು. ಟ್ರ್ಯಾಕ್ಟರಿನ ಮೇಲೆ, ತಗಡಿನ ಕೆಳಗೆ ಬಿಸಿಲಿನಲ್ಲಿ ಬಿಡಬಾರದು. ತಿಂಗಳುಗಟ್ಟಲೆ ಇಡುವುದಾದರೆ ಅರ್ಧ ಚಾರ್ಜಿನಲ್ಲಿ ತಂಪಾದ ಒಣ ಜಾಗದಲ್ಲಿಡಬೇಕು. ಮೊಳೆ, ಸ್ಕ್ರೂಗಳ ಚೀಲದಲ್ಲಿ ಬ್ಯಾಟರಿ ಹಾಕಿದರೆ ಶಾರ್ಟ್ ಆಗಿ ಬೆಂಕಿ ಹೊತ್ತಬಹುದು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜು ಮಾಡಬಾರದು. ಸತ್ತ ಬ್ಯಾಟರಿಯನ್ನು ತಿಪ್ಪೆಗೆ ಎಸೆಯದೆ ಮಾರಾಟಗಾರರ ಮೂಲಕ ಹಿಂದಿರುಗಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಮನೆಯ ಕಸದೊಡನೆ ಬೆರೆಸುವಂತಿಲ್ಲ.

ಗ್ರೈಂಡರಿನ ಬಗ್ಗೆ ಎಚ್ಚರ

ಸೆಟ್ಟಿನಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಗ್ರೈಂಡರು. ತಂತಿಯಿಲ್ಲದ ಮಾತ್ರಕ್ಕೆ ಅದು ಆಟಿಕೆಯಲ್ಲ. ಈ ಕೆಳಗಿನ ಅಂಶಗಳನ್ನು ತಪ್ಪದೆ ಪಾಲಿಸಬೇಕು.

1. ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಗರಗಸದ ಚಕ್ರವನ್ನು ಎಂದಿಗೂ ಹಾಕಬಾರದು. ಹಲ್ಲು ಮರಕ್ಕೆ ಕಚ್ಚಿದ ಕ್ಷಣ ಯಂತ್ರ ಹಿಂದಕ್ಕೆ ಒದ್ದು ಕೈ, ತೊಡೆ, ಕುತ್ತಿಗೆಯನ್ನು ಸೀಳುತ್ತದೆ. ಮರಕ್ಕೆ ಗರಗಸದ ಯಂತ್ರವೇ ಬೇರೆ.
2. ಡಿಸ್ಕಿನ ಮೇಲೆ ಬರೆದ ವೇಗವು ಯಂತ್ರದ ವೇಗಕ್ಕಿಂತ ಕಡಿಮೆ ಇರಬಾರದು. ಡಿಸ್ಕಿನ ನಡುವಿನ ಲೋಹದ ಬಳೆಯ ಮೇಲೆ ಅವಧಿಯ ದಿನಾಂಕ ಇದ್ದರೆ ಅದನ್ನೂ ನೋಡಬೇಕು. ಬಿರುಕು ಬಿಟ್ಟ, ನೆನೆದ ಡಿಸ್ಕನ್ನು ಬಿಸಾಡಬೇಕು.
3. ಕಾವಲು ತಟ್ಟೆಯನ್ನು ಕಳಚಬಾರದು. ಎರಡೂ ಕೈಯಲ್ಲಿ ಹಿಡಿಯಬೇಕು. ಕಣ್ಣಿಗೆ ಕನ್ನಡಕ ಕಡ್ಡಾಯ.
4. ಹೆಗಲ ಮೇಲಿನ ಟವೆಲು, ಸಡಿಲವಾದ ಲುಂಗಿ, ಸೀರೆಯ ಸೆರಗು ಸಿಕ್ಕಿಕೊಳ್ಳದಂತೆ ಕಟ್ಟಿಕೊಳ್ಳಬೇಕು.
5. ಹುಲ್ಲಿನ ಬಣವೆ, ಒಣ ಮೇವು, ಡೀಸೆಲ್ ಡಬ್ಬದ ಹತ್ತಿರ ಕಬ್ಬಿಣ ಕತ್ತರಿಸಬಾರದು. ಒಂದು ಕಿಡಿ ವರ್ಷದ ಮೇವನ್ನು ಸುಡಬಲ್ಲದು.
6. ಡಿಸ್ಕು, ಬಿಟ್ಟು ಬದಲಾಯಿಸುವ ಮೊದಲು ಬ್ಯಾಟರಿ ತೆಗೆಯಬೇಕು. ಕೆಲಸ ಮುಗಿದ ಮೇಲೆ ಬ್ಯಾಟರಿಯನ್ನು ಬೇರೆಯಾಗಿ, ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಕನ್ನಡಕಕ್ಕೆ ಮತ್ತು ಒಳ್ಳೆಯ ಡಿಸ್ಕಿಗೆ ಹಣ ತೆಗೆದಿಡದೆ ಗ್ರೈಂಡರು ಕೊಳ್ಳುವವರು ಅದನ್ನು ಕೊಳ್ಳದಿರುವುದೇ ಮೇಲು.

ಒಟ್ಟಿನಲ್ಲಿ ಹೇಳುವುದಾದರೆ, ಮೊದಲು ಕೆಲಸದ ಪಟ್ಟಿ, ನಂತರ ಬ್ಯಾಟರಿ, ಕೊನೆಗೆ ಉಪಕರಣ ಎಂಬ ಕ್ರಮದಲ್ಲಿ ಆಯ್ಕೆ ನಡೆಯಬೇಕು. ಒಂದೇ ಸಲಕ್ಕೆ ದೊಡ್ಡ ಪೆಟ್ಟಿಗೆ ತರುವ ಬದಲು ಒಳ್ಳೆಯ ಒಂದು ಡ್ರಿಲ್ಲು, ಎರಡು ಬ್ಯಾಟರಿಯಿಂದ ಆರಂಭಿಸಿ, ಫಸಲು ಕೈಗೆ ಬಂದಂತೆ ಅದೇ ಬ್ಯಾಟರಿಗೆ ಒಂದೊಂದನ್ನೇ ಸೇರಿಸಿಕೊಳ್ಳುವುದು ಜಾಣತನ. ಹೀಗೆ ಮಾಡಿದ ರೈತನ ಕೊಟ್ಟಿಗೆ ಮುಂಗಾರಿಗೆ ಮುಂಚೆ ಭದ್ರವಾಗುತ್ತದೆ. ಕೈಬೆರಳೂ ಕಣ್ಣೂ ಕ್ಷೇಮವಾಗಿರುತ್ತವೆ.