13 ಟೀಮ್, ಒಬ್ಬ ಡೊಟೆಲ್

ಇವತ್ತು ಕ್ರಿಕೆಟ್ ಬದಿಗಿಟ್ಟು ಅಮೆರಿಕದ ಬೇಸ್‌ಬಾಲ್‌ಗೆ ಹೋಗೋಣ. ಆಟ ಗೊತ್ತಿಲ್ಲ ಅಂತ ಸ್ಕಿಪ್ ಮಾಡ್ಬೇಡಿ. ಪಿಚರ್ ಅಂದ್ರೆ ಚೆಂಡು ಎಸೆಯೋರು, ನಮ್ಮ ಬೌಲರ್ ಇದ್ದ ಹಾಗೆ. ಶುರು ಮಾಡಿದ ಪಿಚರ್ ಸುಸ್ತಾದಾಗ, ಇಲ್ಲಾ ಚೆನ್ನಾಗಿ ಹೊಡೆಸಿಕೊಂಡಾಗ ಅವರ ಜಾಗಕ್ಕೆ ಬರೋರು ರಿಲೀಫ್ ಪಿಚರ್. ಬಹಳ ಸಲ ಒಂದೇ ಇನ್ನಿಂಗ್ಸ್‌ ಕೆಲಸ, ಮೂರು ಔಟ್ ತೆಗೆದು ವಾಪಸ್. ಇಷ್ಟು ಗೊತ್ತಿದ್ರೆ ಸಾಕು.

2025ರ ಏಪ್ರಿಲ್ 8ರಂದು ಡೊಮಿನಿಕನ್ ರಿಪಬ್ಲಿಕ್‌ನ ರಾಜಧಾನಿ ಸ್ಯಾಂಟೊ ಡೊಮಿಂಗೊದಲ್ಲಿ ಜೆಟ್ ಸೆಟ್ ಅನ್ನೋ ನೈಟ್‌ಕ್ಲಬ್‌ನ ಛಾವಣಿ ಕುಸಿದು 230ಕ್ಕೂ ಹೆಚ್ಚು ಜನ ತೀರಿಕೊಂಡರು. ಅವರಲ್ಲಿ ಒಬ್ಬರು ಆಕ್ಟೇವಿಯೋ ಡೊಟೆಲ್. ವಯಸ್ಸು 51. ಅವಶೇಷದಡಿಯಿಂದ ಜೀವಂತವಾಗಿ ತೆಗೆದಿದ್ದರು, ಆದರೆ ಉಳಿಯಲಿಲ್ಲ.

ಡೊಟೆಲ್ 1999ರಿಂದ 2013ರವರೆಗೆ 15 ಸೀಸನ್, 758 ಪಂದ್ಯ ಆಡಿದವರು. ಸೂಪರ್‌ಸ್ಟಾರ್ ಅಲ್ಲ. ಮೊದಮೊದಲು ಸ್ಟಾರ್ಟರ್ ಆಗಿಯೂ ಎಸೆದಿದ್ದರು, ಆಮೇಲೆ ಪೂರ್ತಿ ರಿಲೀಫ್. ಅವರ ದಾಖಲೆ ಏನು ಗೊತ್ತಾ? 2012ರಲ್ಲಿ ಡೆಟ್ರಾಯ್ಟ್ ಪರ ಇಳಿದಾಗ ಅದು ಅವರ 13ನೇ ಟೀಮ್. ಮೇಜರ್ ಲೀಗ್‌ನಲ್ಲಿ ಅಲ್ಲಿವರೆಗೆ ಯಾರೂ ಅಷ್ಟು ಜೆರ್ಸಿ ಹಾಕಿರಲಿಲ್ಲ. 2010ರ ಒಂದೇ ಸೀಸನ್ ತಗೊಳ್ಳಿ: ಪಿಟ್ಸ್‌ಬರ್ಗ್‌ನಲ್ಲಿ ಶುರು, ಜುಲೈ 31ಕ್ಕೆ ಲಾಸ್ ಏಂಜಲೀಸ್, ಸೆಪ್ಟೆಂಬರ್‌ನಲ್ಲಿ ಕೊಲರಾಡೊ. ಮನೆ ಬಾಡಿಗೆ ಅಡ್ವಾನ್ಸ್ ವಾಪಸ್ ಬರೋಷ್ಟರಲ್ಲಿ ಮುಂದಿನ ಊರು!

ಆಟ ಬರ್ತಿರಲಿಲ್ಲ ಅಂತ ಓಡಿಸಿದ್ದಾ? ಅಲ್ಲ. 2003ರ ಜೂನ್ 11, ಯಾಂಕೀ ಸ್ಟೇಡಿಯಂ. ಹ್ಯೂಸ್ಟನ್ ಟೀಮ್‌ನ ಸ್ಟಾರ್ಟರ್ ರಾಯ್ ಓಸ್ವಾಲ್ಟ್ ಎರಡನೇ ಇನ್ನಿಂಗ್ಸ್‌ನಲ್ಲೇ ಗಾಯವಾಗಿ ಹೊರಗೆ ಹೋದರು. ಉಳಿದ ಐವರು ರಿಲೀವರ್‌ಗಳು ಸೇರಿ ಯಾಂಕೀಸ್‌ಗೆ ಒಂದೇ ಒಂದು ಹಿಟ್ ಕೊಡದೆ ಆಟ ಮುಗಿಸಿದರು. 1958ರ ನಂತರ ಯಾಂಕೀಸ್‌ಗೆ ಹಾಗಾಗಿದ್ದು ಅದೇ ಮೊದಲು. ಎಂಟನೇ ಇನ್ನಿಂಗ್ಸ್ ಡೊಟೆಲ್‌ದು. ಅದರಲ್ಲಿ ನಾಲ್ಕು ಸ್ಟ್ರೈಕ್‌ಔಟ್! ಮೂರೇ ಔಟ್ ಇರೋ ಇನ್ನಿಂಗ್ಸ್‌ನಲ್ಲಿ ನಾಲ್ಕು ಹೇಗೆ ಅಂದ್ರೆ, ಮೂರನೇ ಸ್ಟ್ರೈಕ್ ಕ್ಯಾಚರ್ ಕೈ ತಪ್ಪಿದರೆ ಬ್ಯಾಟರ್ ಓಡಿ ಬೇಸ್ ಸೇರಿಕೊಳ್ಳಬಹುದು. ಪಿಚರ್ ಖಾತೆಗೆ ಜಮಾ ಆಗುತ್ತೆ, ಔಟ್ ಮಾತ್ರ ಸಿಗಲ್ಲ.

ಇಷ್ಟಾದ ಮುಂದಿನ ವರ್ಷ ಜೂನ್‌ನಲ್ಲೇ ಹ್ಯೂಸ್ಟನ್ ಅವರನ್ನ ಓಕ್ಲ್ಯಾಂಡ್‌ಗೆ ದಾಟಿಸಿತು. ಕಾರ್ಲೋಸ್ ಬೆಲ್ಟ್ರಾನ್ ಅನ್ನೋ ಬ್ಯಾಟರ್ ಬೇಕಾಗಿತ್ತು, ಅಷ್ಟೇ.

ನಾನು ಬಿ.ಕಾಂ. ಓದಿದವನು, ನನಗೆ ಇದು ಬಿಲ್ ಆಫ್ ಎಕ್ಸ್‌ಚೇಂಜ್ ಪಾಠದ ಹಾಗೆ ಕಾಣುತ್ತೆ. ಹಿಂದೆ ಸಹಿ ಹಾಕಿ ಇನ್ನೊಬ್ಬರಿಗೆ ಕೊಡ್ತೀವಿ, ಕಾಗದವನ್ನ ಯಾರೂ ಕೇಳಲ್ಲ. ಆದರೆ ಲೆಕ್ಕ ನ್ಯಾಯವಾಗಿ ಇರಬೇಕಲ್ವಾ? 13ರಲ್ಲಿ ಮೊದಲನೆಯದು ಮೆಟ್ಸ್, ಬೆಳೆಸಿದ ಟೀಮ್. ಆರು ಟೀಮ್‌ಗೆ ಅವರೇ ಕಾಂಟ್ರ್ಯಾಕ್ಟ್ ಸಹಿ ಮಾಡಿ ಹೋದರು. ಇನ್ನು ಆರಕ್ಕೆ ಟ್ರೇಡ್ ಆಗಿ ಹೋದರು.

ಹಾಗಾದ್ರೆ ಆಟಗಾರ ಬೇಡ ಅನ್ನೋ ಹಾಗಿಲ್ವಾ? ಒಂದು ನಿಯಮ ಇದೆ, ಟೆನ್ ಅಂಡ್ ಫೈವ್ ಅಂತಾರೆ. ಮೇಜರ್ ಲೀಗ್‌ನಲ್ಲಿ 10 ವರ್ಷದ ಸರ್ವಿಸ್, ಅದರಲ್ಲಿ ಕೊನೆಯ 5 ವರ್ಷ ಒಂದೇ ಟೀಮ್‌ನಲ್ಲಿ ಆಗಿದ್ರೆ ಟ್ರೇಡ್‌ಗೆ ಒಲ್ಲೆ ಅನ್ನಬಹುದು. 1973ರಲ್ಲಿ ರಾನ್ ಸ್ಯಾಂಟೊ ಮೊದಲು ಅದನ್ನ ಬಳಸಿದರು, ಅವರು ಶಿಕಾಗೊ ಕಬ್ಸ್‌ನ ದೊಡ್ಡ ಹೆಸರು. ಡೊಟೆಲ್ ಅತಿ ಹೆಚ್ಚು ಕಾಲ ಇದ್ದ ಟೀಮ್ ಹ್ಯೂಸ್ಟನ್, ಅಲ್ಲೂ ನಾಲ್ಕೂವರೆ ವರ್ಷ ಮಾತ್ರ. 10 ವರ್ಷ ತುಂಬಿತು, 5 ಯಾವತ್ತೂ ತುಂಬಲಿಲ್ಲ. ಊರೂರು ತಿರುಗೋನಿಗೇ ಬೇಕಾದ ಹಕ್ಕು, ಊರೂರು ತಿರುಗೋದರಿಂದಲೇ ಸಿಗಲ್ಲ. ಈ ನಿಯಮ ಬರೆದವರ ತಲೆಯಲ್ಲಿ ಸ್ಯಾಂಟೊ ಥರದವರು ಮಾತ್ರ ಇದ್ದರು ಅಂತ ನನಗನಿಸುತ್ತೆ.

ಟ್ರೇಡ್ ಎಲ್ಲಾ ಸಲ ಕೆಟ್ಟದೇ ಆಗಲಿಲ್ಲ ಅನ್ನೋದೂ ನಿಜ. 2011ರ ಜುಲೈ 27ಕ್ಕೆ ಟೊರಾಂಟೊ ಅವರನ್ನ ಸೇಂಟ್ ಲೂಯಿಸ್‌ಗೆ ಕಳಿಸಿತು. ಮೂರು ತಿಂಗಳಲ್ಲಿ ವರ್ಲ್ಡ್ ಸೀರೀಸ್ ಗೆದ್ದರು. ಅದೇ ಟ್ರೇಡ್‌ನಲ್ಲಿ ಎಡ್ವಿನ್ ಜ್ಯಾಕ್ಸನ್ ಅನ್ನೋ ಪಿಚರ್ ಕೂಡ ಇದ್ದರು. ಶಿಕಾಗೊದಿಂದ ಟೊರಾಂಟೊಗೆ, ಅದೇ ದಿನ ಅಲ್ಲಿಂದ ಸೇಂಟ್ ಲೂಯಿಸ್‌ಗೆ, ಟೊರಾಂಟೊ ಜೆರ್ಸಿ ಹಾಕಿ ಒಂದು ಚೆಂಡೂ ಎಸೆಯಲಿಲ್ಲ. ಎಂಟು ವರ್ಷ ಆದಮೇಲೆ, 2019ರಲ್ಲಿ, ಕೊನೆಗೂ ಟೊರಾಂಟೊ ಪರ ಆಡಿದರು. ಅದು ಜ್ಯಾಕ್ಸನ್‌ರ 14ನೇ ಟೀಮ್, ಡೊಟೆಲ್ ದಾಖಲೆ ಮುರಿದದ್ದು ಅಲ್ಲೇ. ಅವರ ಕಥೆ ಮುಂದಿನ ಎಪಿಸೋಡ್‌ನಲ್ಲಿ.