ಬಳಸಿದ ಎಣ್ಣೆಗೆ ಚಳಿಯ ಪರೀಕ್ಷೆ



ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆ ಸೀಸೆಯಲ್ಲೇ ಗಟ್ಟಿಯಾಗುವುದನ್ನು ನೀವೆಲ್ಲ ಕಂಡವರೇ. ಹಿಮ ಬೀಳುವ ದೇಶಗಳಲ್ಲಿ ಎಂಜಿನ್ ಎಣ್ಣೆಯ ಪಾಡೂ ಹಾಗೆಯೇ. 1980-81ರ ಚಳಿಗಾಲದಲ್ಲಿ ಅಮೆರಿಕದ ಸಿಯೂ ಫಾಲ್ಸ್ ಊರಿನಲ್ಲಿ ಎಣ್ಣೆ ಮೆಲ್ಲನೆ ತಣ್ಣಗಾಗಿ ಮೊಸರಿನಂತೆ ಹೆಪ್ಪುಗಟ್ಟಿತು. ಎಂಜಿನ್ ತಿರುಗಿತು, ಪಂಪಿಗೆ ಎಣ್ಣೆ ಹತ್ತಲಿಲ್ಲ. ಒಣ ಬೇರಿಂಗು ಉಳಿದೀತೆ? ಎಂಜಿನ್‌ಗಳು ಕೆಟ್ಟವು.

ಆ ಬಳಿಕ ಪ್ರಯೋಗಶಾಲೆಯಲ್ಲಿ ಎಣ್ಣೆಯನ್ನು ಸುಮಾರು ಎರಡು ದಿನ ನಿಧಾನವಾಗಿ ತಣಿಸುವ ಪರೀಕ್ಷೆ ಬಂತು. ಎಣ್ಣೆಯೊಳಗಿನ ಸಣ್ಣ ಉರುಳೆಗೆ ದಾರ ಸುತ್ತಿ, ತೂಕ ಕಟ್ಟಿ, ತಿರುಗುತ್ತದೋ ಇಲ್ಲವೋ ನೋಡುತ್ತಾರೆ. ಡೀಸೆಲ್ ಎಂಜಿನ್ನಿನಲ್ಲಿ ಓಡಿಸಿ ತೆಗೆದ ಎಣ್ಣೆಗೂ ಈ ಪರೀಕ್ಷೆ ಉಂಟು. ಯಾಕೆಂದರೆ, ಮಸಿ ಸೇರಿದಷ್ಟೂ ಎಣ್ಣೆ ಮಂದವಾಗುತ್ತದೆ. ಹೊಸದರಲ್ಲಿ ಗೆದ್ದದ್ದು ಹಳೆಯದಾದಾಗ ಸೋಲಬಹುದು.

ನಿಮ್ಮ ಟ್ರ್ಯಾಕ್ಟರ್ ಎಣ್ಣೆಯ ಡಬ್ಬಿಯ ಮೇಲೆ 15ಡಬ್ಲ್ಯು-40 ಎಂದಿದ್ದರೆ, ಆ ಡಬ್ಲ್ಯು ಚಳಿಗಾಲದ ಗುರುತು. ಹೊಸದಾಗಿದ್ದಾಗ ಅದು ಸೊನ್ನೆಗಿಂತ 25 ಡಿಗ್ರಿ ಕೆಳಗೂ ಪಂಪಿಗೆ ಹತ್ತಬೇಕು. ನಮ್ಮಲ್ಲಿ ಅಂಥ ಚಳಿ ಇಲ್ಲ, ನಿಜ. ಆದರೆ ಮಸಿ ನಮ್ಮ ಎಂಜಿನ್ನನ್ನೂ ಬಿಟ್ಟಿಲ್ಲವಲ್ಲ! ಕೈಪಿಡಿ ಹೇಳಿದಷ್ಟು ಗಂಟೆ ಓಡಿದ ಮೇಲೆ ಎಣ್ಣೆ ಬದಲಾಯಿಸಿ. ಬೆಳಗ್ಗೆ ಚಾಲೂ ಮಾಡಿದ ಕೂಡಲೆ ನೇಗಿಲು ಇಳಿಸಬೇಡಿ. ಸ್ವಲ್ಪ ಹೊತ್ತು ಖಾಲಿ ಓಡಲಿ. ಎಣ್ಣೆಯ ದುಡ್ಡು ಉಳಿಸಲು ಹೋಗಿ ಎಂಜಿನ್ನನ್ನೇ ಕಳೆದುಕೊಳ್ಳಬಾರದು ನೋಡಿ.