ಜುಮಾ ಖುತ್ಬಾದ ಸಾರಾಂಶ: ಇನ್ನೊಬ್ಬರು ತೊಟ್ಟ ಬಟ್ಟೆ

ಸತ್ಯವಿಶ್ವಾಸಿಗಳೇ, ಅಲ್ಲಾಹನ ಭಯಭಕ್ತಿಯನ್ನು ಪಾಲಿಸುವಂತೆ ಮೊದಲು ನಮಗೂ ಆ ಬಳಿಕ ನಿಮಗೂ ಉಪದೇಶಿಸುತ್ತೇವೆ.

ಕಳೆದ ವಾರ ಅಸ್ರ್ ನಮಾಝಿನ ಬಳಿಕ ಕಾಲೇಜಿಗೆ ಹೋಗುವ ಹುಡುಗನೊಬ್ಬ ಬಂದು ಕೇಳಿದ: "ಉಸ್ತಾದ್, ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಹಳೆಯ ಜಾಕೆಟ್ ಕೊಂಡೆ. ಯಾರು ತೊಟ್ಟದ್ದೋ ಗೊತ್ತಿಲ್ಲ. ಇದನ್ನು ಹಾಕಿಕೊಂಡು ನಮಾಝ್ ಮಾಡಬಹುದೇ?" ಪಕ್ಕದಲ್ಲಿದ್ದ ಹಿರಿಯರೊಬ್ಬರು, "ಯಾರೋ ಬಿಸಾಕಿದ್ದನ್ನು ತೊಡುವ ಗತಿ ನಿಮ್ಮ ಮನೆಗೆ ಬಂತೇನಪ್ಪಾ?" ಎಂದರು. ಹುಡುಗನ ಮುಖ ಸಣ್ಣದಾಯಿತು.

ಹುಡುಗನ ಪ್ರಶ್ನೆಗೆ ಉತ್ತರ ಸುಲಭ. ವಸ್ತುಗಳ ಮೂಲಸ್ಥಿತಿ ಶುದ್ಧಿ ಎಂಬುದು ನಮ್ಮ ವಿದ್ವಾಂಸರು ಹೇಳಿದ ನಿಯಮ. ಮಾಲಿನ್ಯ ತಗುಲಿದೆ ಎಂದು ಖಚಿತವಾಗದ ಹೊರತು ಬಟ್ಟೆ ಶುದ್ಧವೇ. ಪ್ರವಾದಿ(ಸ) ಪ್ರಯಾಣವೊಂದರಲ್ಲಿ ಶಾಮ್ ದೇಶದ, ಕಿರಿದಾದ ತೋಳಿನ ಜುಬ್ಬಾ ಧರಿಸಿದ್ದರು ಎಂದು ಬುಖಾರಿಯಲ್ಲಿದೆ. ಅನ್ಯರ ಕೈಯಿಂದ ಬಂದ ಬಟ್ಟೆ ಎಂಬ ಒಂದೇ ಕಾರಣಕ್ಕೆ ಅದನ್ನು ದೂರವಿಡಬೇಕಿಲ್ಲ. ಮನಸ್ಸಿನ ಸಮಾಧಾನಕ್ಕೆ ಚೆನ್ನಾಗಿ ಒಗೆದು ತೊಡಿ. ಪುರುಷರಿಗೆ ಅಪ್ಪಟ ರೇಷ್ಮೆ ಹೊಸದಾದರೂ ಹಳೆಯದಾದರೂ ನಿಷಿದ್ಧ. ಕಳವಿನ ಮಾಲೆಂದು ಗೊತ್ತಿದ್ದರೆ ಎಷ್ಟೇ ಅಗ್ಗವಾದರೂ ಕೊಳ್ಳಬಾರದು. ಜೇಬಿನಲ್ಲಿ ಹಣವೋ ಉಂಗುರವೋ ಸಿಕ್ಕಿದರೆ ಅದು ನಮ್ಮದಲ್ಲ, ಮಾರಿದವನ ಬಳಿಗೆ ಹೋಗಿ ವಾರಸುದಾರನನ್ನು ಹುಡುಕಬೇಕು.

ಆದರೆ ಆ ಹಿರಿಯರ ಮಾತಿಗೂ ಉತ್ತರ ಬೇಕು. ಅವರು ಆಡಿದ್ದು ನಮ್ಮೆಲ್ಲರ ಮನಸ್ಸಿನ ಮಾತನ್ನೇ.

ಸಹೋದರರೇ, ಹಝ್ರತ್ ಅಬೂಬಕರ್(ರ) ಮರಣಶಯ್ಯೆಯಲ್ಲಿದ್ದಾಗ ನಡೆದದ್ದನ್ನು ನೆನಪಿಸಿಕೊಳ್ಳಿ. ತಾವು ತೊಟ್ಟಿದ್ದ ಬಟ್ಟೆಯನ್ನೇ ಒಗೆದು, ಇನ್ನೆರಡು ಬಟ್ಟೆ ಸೇರಿಸಿ ತಮಗೆ ಕಫನ್ ಮಾಡುವಂತೆ ಮಗಳು ಆಯಿಶಾ(ರ)ರಿಗೆ ಹೇಳಿದರು. ಇದು ಹಳೆಯದಲ್ಲವೇ ಎಂದು ಮಗಳು ಕೇಳಿದಾಗ, ಹೊಸ ಬಟ್ಟೆಯ ಮೇಲೆ ಸತ್ತವರಿಗಿಂತ ಬದುಕಿರುವವರಿಗೆ ಹೆಚ್ಚು ಹಕ್ಕಿದೆ ಎಂಬ ಅರ್ಥದ ಉತ್ತರ ಕೊಟ್ಟರು. ಒಂದು ಸಾಮ್ರಾಜ್ಯದ ಖಲೀಫರು ಹಳೆಯ ಬಟ್ಟೆಯಲ್ಲಿ ಅಲ್ಲಾಹನ ಬಳಿಗೆ ಹೋದರು. ನಮ್ಮ ಯಾವ ಮನೆತನ ಅವರ ಮನೆತನಕ್ಕಿಂತ ದೊಡ್ಡದು?

ಹಳೆಯ ಬಟ್ಟೆಯಲ್ಲಿ ನಾಚಿಕೆಯಿಲ್ಲ. ನಾಚಿಕೆಯಿರುವುದು ಅದನ್ನು ನಾವು ಕೊಡುವ ರೀತಿಯಲ್ಲಿ.

ನಮ್ಮದೇ ತಪ್ಪನ್ನು ಹೇಳುತ್ತೇವೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ನಮ್ಮ ಮಸೀದಿಯಲ್ಲೂ ಬಟ್ಟೆ ಸಂಗ್ರಹಿಸಿದೆವು. ಗೋಣಿಗಟ್ಟಲೆ ಬಂತು. ಬಿಚ್ಚಿ ನೋಡಿದರೆ ಗುಂಡಿಯಿಲ್ಲದ ಅಂಗಿ, ಜಿಪ್ ಕಿತ್ತ ಪ್ಯಾಂಟು, ಎಣ್ಣೆ ಕಲೆಯ ಮ್ಯಾಕ್ಸಿ. ಅದನ್ನು ವಿಂಗಡಿಸಲು ನಮ್ಮ ಯುವಕರಿಗೆ ಎರಡು ದಿನ ಹಿಡಿಯಿತು. ನಾವೇ ಕಣ್ಣುಮುಚ್ಚಿಕೊಂಡಲ್ಲದೆ ಸ್ವೀಕರಿಸದಂಥ ಕೆಟ್ಟದ್ದನ್ನು ದಾನಕ್ಕೆ ಆರಿಸಬೇಡಿ ಎಂದು ಅಲ್ಲಾಹನು ಸೂರಃ ಅಲ್ ಬಕರದಲ್ಲಿ ಎಚ್ಚರಿಸಿದ್ದಾನೆ. ಆ ಗೋಣಿಗಳ ಮುಂದೆ ನಿಂತಾಗ ಆ ವಚನ ನಮ್ಮ ಬಗ್ಗೆಯೇ ಇಳಿದಂತಿತ್ತು.

ಇನ್ನೊಂದು ಈದ್‌ಗೆ ಒಬ್ಬ ಬಡ ವಿದ್ಯಾರ್ಥಿಗೆ ಒಳ್ಳೆಯ ಅಂಗಿಯನ್ನೇ ಕೊಟ್ಟೆವು. ಶಾಲೆಯಲ್ಲಿ ಸಹಪಾಠಿಯೊಬ್ಬ ಎಲ್ಲರೆದುರು, "ಇದು ನನ್ನ ಹಳೆ ಅಂಗಿ" ಎಂದ. ಆ ಹುಡುಗ ಮತ್ತೆ ಅದನ್ನು ತೊಡಲಿಲ್ಲ. ಉಪಕಾರವನ್ನು ಎತ್ತಿ ಆಡಿ, ನೋಯಿಸಿ ನಿಮ್ಮ ದಾನಗಳನ್ನು ವ್ಯರ್ಥಗೊಳಿಸಬೇಡಿ ಎಂಬ ಆಜ್ಞೆಯೂ ಅದೇ ಸೂರಃದಲ್ಲಿದೆ. ಆ ಮಗು ಹೇಳಿದ ಮಾತು ಮನೆಯಲ್ಲಿ ಕಲಿತದ್ದು. ಯಾರ ಬಟ್ಟೆ ಯಾರಿಗೆ ಹೋಗುತ್ತದೆಂದು ಗೊತ್ತಾಗದಂತೆ ನೋಡಿಕೊಳ್ಳದಿದ್ದದ್ದು ನಮ್ಮ ತಪ್ಪು.

ಹಳೆಯ ಬಟ್ಟೆ ಮಾರುವ ಸಹೋದರ ಸಹೋದರಿಯರಿಗೂ ಒಂದು ಮಾತು. ಈಗ ಮೊಬೈಲ್‌ನಲ್ಲಿ ಫೋಟೋ ಹಾಕಿ ಮಾರುವವರಿದ್ದಾರೆ. ಕಲೆಯಿರುವ ಬದಿಯನ್ನು ಮಡಚಿ ಫೋಟೋ ತೆಗೆಯಬೇಡಿ. ಮೇಲೆ ಒಣ ಧಾನ್ಯವಿಟ್ಟು ಒಳಗೆ ಒದ್ದೆಯಾದದ್ದನ್ನು ಇಟ್ಟಿದ್ದ ವ್ಯಾಪಾರಿಗೆ, ವಂಚಿಸುವವನು ನಮ್ಮವನಲ್ಲ ಎಂದು ಪ್ರವಾದಿ(ಸ) ಹೇಳಿದ್ದು ಇದಕ್ಕೂ ಅನ್ವಯಿಸುತ್ತದೆ. ಕೊಳ್ಳುವ ಯುವಜನರೇ, ಹಳೆಯದನ್ನು ಕೊಳ್ಳುವುದು ಮಿತವ್ಯಯ ಹೌದು. ಆದರೆ 'ವಿಂಟೇಜ್' ಎಂಬ ಹೆಸರಿಗೆ ಮರುಳಾಗಿ ಬೇಡದ ಹತ್ತು ಜಾಕೆಟ್ ತಂದು ಕಪಾಟು ತುಂಬಿಸಿದರೆ ಅದೂ ದುಂದುವೆಚ್ಚವೇ.

ರಮಝಾನ್ ಬರುತ್ತಿದೆ. ಜಮಾಅತ್ ಸಮಿತಿಯೊಂದಿಗೆ ಮಾತಾಡಿದ್ದೇವೆ. ಮದ್ರಸದ ಮೇಲಿನ ಕೋಣೆಯಲ್ಲಿ ಬಟ್ಟೆಗಳನ್ನು ಒಗೆದು, ಇಸ್ತ್ರಿ ಹಾಕಿ, ಹ್ಯಾಂಗರಿಗೆ ತೂಗಿ ಇಡಲಾಗುವುದು. ಬೆಲೆ ಹತ್ತು, ಇಪ್ಪತ್ತು ರೂಪಾಯಿ. ಬಂದವರು ತಮಗೆ ಒಪ್ಪುವ ಬಣ್ಣ, ಅಳತೆ ನೋಡಿ ಕೊಳ್ಳಲಿ. ಕೈಚಾಚದೆ, ಆರಿಸಿ ಕೊಂಡ ಸಂತೋಷ ಅವರಿಗಿರಲಿ. ಒಂದೇ ದಿನ ತೊಟ್ಟು ಪೆಟ್ಟಿಗೆ ಸೇರಿದ ಮದುಮಗಳ ಉಡುಪುಗಳನ್ನೂ ಕೊಡಿ. ಆ ಒಂದು ದಿನದ ಉಡುಪಿಗಾಗಿ ಸಾಲ ಮಾಡುವ ತಂದೆಯರು ನಮ್ಮ ನಡುವೆ ಇದ್ದಾರೆ. ಹರಿದದ್ದನ್ನು ಮಾತ್ರ ತರಬೇಡಿ. ಅದು ಕೌದಿಗೋ ನೆಲ ಒರೆಸಲೋ ಆಗುತ್ತದೆ.

ಮೊದಲ ದಿನ ನಾವೂ ನಮ್ಮ ಮಕ್ಕಳೊಂದಿಗೆ ಬಂದು ಅಲ್ಲಿಂದಲೇ ಬಟ್ಟೆ ಕೊಳ್ಳುತ್ತೇವೆ. ಊರಿನ ಹಿರಿಯರೂ ಬರಲಿ. ಉಳ್ಳವರು ಕೊಂಡರೆ ಇಲ್ಲದವರು ತಲೆಯೆತ್ತಿ ಒಳಗೆ ಬರುತ್ತಾರೆ.

ಉಡುಪುಗಳಲ್ಲಿ ತಕ್ವಾದ ಉಡುಪೇ ಅತ್ಯುತ್ತಮವೆಂದು ಕುರ್‌ಆನ್ ಕಲಿಸಿದೆ. ಅಲ್ಲಾಹನು ಅದನ್ನು ನಮಗೆ ತೊಡಿಸಲಿ, ನಮ್ಮ ಕುಂದುಗಳನ್ನು ಮುಚ್ಚಲಿ. ಆಮೀನ್.